ಮುನ್ನೂರು ಚುಕ್ಕಿಯ ಗೌರಾಬಾಯಿ

ಅಂಕಲಿಯ ಅಣ್ಣಾಸಾಬ ಬೆಳಗಾವಿಯಲ್ಲಿ ಸಣ್ಣ ಉದ್ದಿಮೆದಾರರ ಒಂದು ದಿನದ ತರಬೇತಿ ಮುಗಿಸಿ ಬಂದಾಗ ಅವನ ಜೊತೆ ಮನೆಗೆ ಮೂರು ಹೊಸ ವಸ್ತುಗಳು ಬಂದವು. ಒಂದು ಪ್ರಮಾಣಪತ್ರ, ಒಂದು ಸೆಣಬಿನ ಚೀಲ, ಮೂರನೆಯದು ಡಿಪಿಐ ಎಂಬ ಶಬ್ದ. ಪ್ರಮಾಣಪತ್ರವನ್ನು ಹೆಂಡತಿ ಶೈಲಾ ಕಪಾಟಿಗೆ ಸೇರಿಸಿದಳು, ಚೀಲಕ್ಕೆ ಬಳ್ಳೊಳ್ಳಿ ತುಂಬಿದಳು. ಡಿಪಿಐಯನ್ನು ಇಡುವುದಕ್ಕೆ ಬೇರೆ ಜಾಗ ಸಿಗದೆ ಅಣ್ಣಾಸಾಬ ಅದನ್ನು ನಾಲಿಗೆಯ ಮೇಲೇ ಇಟ್ಟುಕೊಂಡ.

"ಒಂದ ಇಂಚಿನ್ಯಾಗ ಮುನ್ನೂರ ಚುಕ್ಕಿ ಇರಬೇಕ್ರಿ. ಕಡಿಮಿ ಆದ್ರ ಅದು ಪ್ರಿಂಟಿಂಗ ಅಲ್ಲ, ರಂಗೋಲಿ," ಎಂದು ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕುಳಿತವರಿಗೆಲ್ಲ ಹೇಳಿದ. ಕೇಳಿದವರು ಚಹಾ ಪುಕ್ಕಟೆ ಸಿಗಬಹುದೆಂದು ತಲೆದೂಗಿದರು. ಮರುದಿನ ಯಾವನೋ ಯುವ ನಾಯಕನ ಹುಟ್ಟುಹಬ್ಬದ ಬ್ಯಾನರಿನ ಎದುರು ನಿಂತು, "ಸಾಹೇಬ್ರ ಮೂಗಿನ್ಯಾಗ ಚುಕ್ಕಿ ಸಾಲವಲ್ಲವು" ಎಂದು ಗಟ್ಟಿಯಾಗಿ ತೀರ್ಪು ಕೊಟ್ಟ. ಸಾಹೇಬರ ಅಭಿಮಾನಿಗಳ ಕೈಗೆ ಅಂದು ಸಿಗದೆ ಉಳಿದದ್ದು ಅವನ ಹಿರಿಯರ ಪುಣ್ಯ.

ಇಷ್ಟೆಲ್ಲ ಚುಕ್ಕಿಗಳ ಅಗತ್ಯ ಅವನಿಗೇಕೆ ಬಿತ್ತೆಂದರೆ, ಅವನ ಮನೆತನದ್ದು ಖಾರದ ವ್ಯಾಪಾರ. 'ಗೌರಾಬಾಯಿ ಮಸಾಲಿ ಖಾರ' ಎಂದರೆ ರಾಯಬಾಗದಿಂದ ಕಾಗವಾಡದವರೆಗೆ ಗೊತ್ತಿಲ್ಲದ ಅಡುಗೆಮನೆ ಇಲ್ಲ. ಗೌರಾಬಾಯಿ ಅಣ್ಣಾಸಾಬನ ತಾಯಿ. ಮೂವತ್ತಾರು ವರ್ಷದ ಹಿಂದೆ ಅವನ ತಂದೆ ಜಕ್ಕಪ್ಪ ಶುರುಮಾಡಿದ ಆ ಪೊಟ್ಟಣದ ಮೇಲೆ ಕೆಂಪು ಶಾಯಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಮುಖವಿತ್ತು. ತಲೆ ತುಂಬ ಸೆರಗು, ಹಣೆಯ ಮೇಲೆ ಕುಂಕುಮ, ಮೂಗಿನಲ್ಲಿ ನತ್ತು. ಪ್ರತಿ ಸಲ ಮುದ್ರಣಕ್ಕೆ ಹೋದಾಗಲೂ ಹಳೆಯ ಪೊಟ್ಟಣ ನೋಡಿ ಹೊಸದನ್ನು ಮಾಡುತ್ತಿದ್ದುದರಿಂದ ಮುಖ ವರ್ಷಕ್ಕಿಷ್ಟು ಸವೆಯುತ್ತ ಬಂದು, ಈಗ ಕುಂಕುಮವೊಂದು ಚುಕ್ಕೆಯಾಗಿ, ನತ್ತು ಒಂದು ಗೀಟಾಗಿ, ಉಳಿದದ್ದೆಲ್ಲ ಗಿರಾಕಿಯ ಭಕ್ತಿಗೆ ಬಿಟ್ಟ ವಿಷಯವಾಗಿತ್ತು. ಊರವರಿಗೆ ಮಾತ್ರ ಅದರಲ್ಲಿ ಗೌರಾಬಾಯಿ ಸಾಕ್ಷಾತ್ ಕಾಣುತ್ತಿದ್ದಳು.

ಈಗ ಬೆಳಗಾವಿಯ ಒಂದು ದೊಡ್ಡ ಅಂಗಡಿಯವರು ತಮ್ಮ ನಲವತ್ತು ಶಾಖೆಗಳಲ್ಲಿ ಈ ಖಾರವನ್ನು ಇಡಲು ಒಪ್ಪಿದ್ದರು. ಖರೀದಿ ಅಧಿಕಾರಿ ಸಂಜಯ ಫೋನಿನಲ್ಲಿ ಒಂದೇ ಷರತ್ತು ಹಾಕಿದ್ದ. "ರುಚಿ ಏ ಒನ್ ಐತ್ರಿ. ಆದ್ರ ಅಮ್ಮನವರ ಮುಖ ಅರ್ಧ ಪೌಚಿನಷ್ಟ ದೊಡ್ಡದಾಗಿ, ಕ್ಲಿಯರ್ ಬರಬೇಕು. ಈ ಪ್ಯಾಕೆಟ್ ನೋಡಿದ್ರ ಯಾವುದೋ ಕಾಣೆಯಾದವರ ಪ್ರಕಟಣೆ ಅನಿಸ್ತದ." ಮುಖ ಸ್ಪಷ್ಟವಾಗದಿದ್ದರೆ ಆರ್ಡರಿಲ್ಲ. ಅಣ್ಣಾಸಾಬನಾದರೋ ನಲವತ್ತು ಅಂಗಡಿಯ ಸುದ್ದಿಯನ್ನು ಆಗಲೇ ಚಿಕ್ಕೋಡಿಯ ಬೀಗರವರೆಗೆ ಮುಟ್ಟಿಸಿಬಿಟ್ಟಿದ್ದ. ಹಿಂದೆ ಸರಿದರೆ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

"ಅತ್ತಿಯವರು ಇಲ್ಲೇ ಕುಂತಾರಲ್ರೀ, ಒಂದ ಹೊಸಾ ಫೋಟೋ ತಗೀರಿ, ಮುಗೀತು," ಎಂದಳು ಶೈಲಾ.

ಹಜಾರದಲ್ಲಿ ಬಳ್ಳೊಳ್ಳಿ ಬಿಡಿಸುತ್ತಿದ್ದ ಗೌರಾಬಾಯಿ ಒಮ್ಮೆ ತಲೆ ಎತ್ತಿ ನೋಡಿದಳು.

"ಬ್ರ್ಯಾಂಡ ಅಂದ್ರ ಏನಂತ ತಿಳದಿದಿ?" ಎಂದು ಅಣ್ಣಾಸಾಬ ನಕ್ಕ. "ಮೂವತ್ತಾರ ವರ್ಷದ ಮಾರಿ ಅದು. ಹೊಸಾದ ಹಾಕಿದ್ರ ಗಿರಾಕಿ ಹೋಗತಾರ. ಅದ ಮಾರಿ ಬೇಕು, ಫಕ್ತ ಚುಕ್ಕಿ ಹೆಚ್ಚ ಬೇಕು."

"ಇದ್ದದ್ದ ಇರ್ಲಿ ಬಿಡೋ, ಯಾಕ ಅದನ್ನ ಕೆದರತಿ," ಎಂದಷ್ಟೇ ಹೇಳಿ ಗೌರಾಬಾಯಿ ಮತ್ತೆ ಬಳ್ಳೊಳ್ಳಿಗೆ ತಿರುಗಿದಳು. ತಾಯಿಗೆ ನಾಚಿಕೆ ಎಂದು ಮಗ ಅರ್ಥಮಾಡಿಕೊಂಡ. ಅರ್ಥ ಮಾಡಿಕೊಳ್ಳುವುದರಲ್ಲಿ ಅವನದು ಯಾವಾಗಲೂ ಅವಸರದ ಕೈ.

ನಿಪ್ಪಾಣಿಯ ಪ್ರೆಸ್ಸಿನಲ್ಲಿ ಡಿಸೈನ್ ಮಾಡುವವಳು ಸಾಯಿರಾ. ಆ ಮೊದಲ ಪೊಟ್ಟಣ ಮುದ್ರಿಸಿದ ಕುಡಚಿಯ ಗೌಸಸಾಬನ ಮೊಮ್ಮಗಳು. ಅಣ್ಣಾಸಾಬ ಅವಳೆದುರು ಪೊಟ್ಟಣವೊಂದನ್ನಿಟ್ಟು, ಇದನ್ನು ಮುನ್ನೂರು ಮಾಡಿಕೊಡು ಎಂದ.

"ಕಾಕಾ, ಇದ್ದ ಚುಕ್ಕಿ ಎಳದ್ರ ಹಿಗ್ಗತಾವ, ಮರಿ ಹಾಕಾಂಗಿಲ್ಲ," ಎಂದು ಅವಳು ಮುಖವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಪರದೆಯ ತುಂಬ ಕೆಂಪು ಚೌಕಗಳು ಕಂಡವು. ಗೌರಾಬಾಯಿಯ ಜಾಗದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಬಂದು ಕುಳಿತಿತ್ತು. "ಒರಿಜಿನಲ್ ಫೋಟೋ ತರ್ರಿ. ಕಾಗದದ ಮ್ಯಾಲಿನ ಫೋಟೋ. ಸ್ಕ್ಯಾನ ಮಾಡಿ ಕೊಡ್ತೀನಿ."

ಅಣ್ಣಾಸಾಬ ಸುಲಭಕ್ಕೆ ಸೋಲುವವನಲ್ಲ. ಮದುವೆಗಳಲ್ಲಿ ಫೋಟೋ ತೆಗೆಯುವವನೊಬ್ಬನನ್ನು ಹಿಡಿದು ತಂದು, ಅವನ ಮೊಳದುದ್ದದ ಲೆನ್ಸಿನಿಂದ ಪೊಟ್ಟಣದ ಚಿತ್ರ ತೆಗೆಸಿದ. ಚಿತ್ರ ಅದ್ಭುತವಾಗಿ ಬಂತು. ಮಸುಕು ಇಷ್ಟು ಸ್ವಚ್ಛವಾಗಿ ಜಗತ್ತಿನಲ್ಲಿ ಇನ್ನೆಲ್ಲೂ ಕಂಡಿರಲಿಕ್ಕಿಲ್ಲ. ಕಾಗದದ ನಾರು ಕಂಡಿತು, ಖಾರದ ಒಂದು ಕಣ ಕಂಡಿತು, ಅವ್ವ ಮಾತ್ರ ಕಾಣಲಿಲ್ಲ. ಸಾಯಿರಾ ಅದನ್ನು ನೋಡಿ, "ಕಾಕಾ, ಕುಡಚಿಗೆ ಹೋಗ್ರಿ. ನಮ್ಮ ದಾದಾನ ಟ್ರಂಕಿನ್ಯಾಗ ಹಳೀ ಫೋಟೋ ಎಲ್ಲಾ ಅದಾವ," ಎಂದು ಕೈಮುಗಿದಳು.

ಕುಡಚಿಯಲ್ಲಿ ಗೌಸಸಾಬ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕುಳಿತಿದ್ದ. ವಯಸ್ಸು ಎಂಬತ್ತು ದಾಟಿತ್ತು. ವಿಷಯ ಕೇಳಿದವನೇ ಮುಖ ಸಣ್ಣದು ಮಾಡಿದ.

"ಆ ಫೋಟೋ ಯಾಕ ಬೇಟಾ? ಕೆಲವು ಮಾರಿ ಸಣ್ಣದಿದ್ರನ ಚಂದ."

"ಚಾಚಾ, ಈಗಿನ ಕಾಲಕ್ಕ ನಿಮ್ಮ ಅಚ್ಚಿನ ಬ್ಲಾಕ ನಡ್ಯಾಂಗಿಲ್ಲ. ಈಗ ಡಿಪಿಐ."

"ನಿಮ್ಮ ಅಪ್ಪಗ ಮಾತ ಕೊಟ್ಟೀನಿ ನಾ."

"ಅಪ್ಪ ಹೋಗಿ ಒಂಬತ್ತ ವರ್ಷ ಆತು. ಮಾತು ಇನ್ನ ಯಾರಿಗೆ ಬೇಕ್ರಿ? ನನ್ನ ಅವ್ವನ ಫೋಟೋ, ನಾ ಒಯ್ತೀನಿ."

ಗೌಸಸಾಬ ಟ್ರಂಕು ತೆಗೆಸಿ, ಅಂಗೈ ಅಗಲದ ಕಪ್ಪು ಬಿಳುಪಿನ ಫೋಟೋ ಒಂದನ್ನು ಹೊರಗೆ ತೆಗೆದು, "ಛಲೋತಂಗ ನೋಡಿ ಒಯ್ಯಿ. ಆಮ್ಯಾಲ ನನ್ನ ಬೈಬ್ಯಾಡ," ಎಂದ. ಅಣ್ಣಾಸಾಬ ಛಲೋತಂಗ ನೋಡಿದ. ಮೂಲೆ ಮಡಚಿಲ್ಲ, ಗೀರು ಬಿದ್ದಿಲ್ಲ, ಹುಳ ಹೊಡೆದಿಲ್ಲ. ಫೋಟೋದ ಮೇಲೆ ಬೆರಳು ತಾಗಿಸಬಾರದೆಂದು ತರಬೇತಿಯಲ್ಲಿ ಹೇಳಿದ್ದರಿಂದ ಅಂಚು ಹಿಡಿದು ಎತ್ತಿ, ಪ್ಲಾಸ್ಟಿಕ್ಕಿನಲ್ಲಿಟ್ಟು, ಮೇಲೆ ಟವೆಲ್ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದ. ಫೋಟೋದಲ್ಲಿ ಒಂದು ಮುಖವೂ ಇತ್ತು. ಅದನ್ನು ನೋಡಲು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಸಾಯಿರಾ ಸ್ಕ್ಯಾನ್ ಮಾಡಿ ಪೌಚಿನ ನಮೂನೆ ತೆಗೆದುಕೊಟ್ಟಳು. ಅಣ್ಣಾಸಾಬ ಜೇಬಿನಿಂದ ಭೂತಗನ್ನಡಿ ತೆಗೆದು, ಕಣ್ಣಿಗೆ ಹಚ್ಚಿ, ಹಣೆಯಿಂದ ಗದ್ದದವರೆಗೆ ಹೊಲ ಅಳೆಯುವವರ ಹಾಗೆ ಸಾಲು ಹಿಡಿದು ಬಂದ.

"ಕಾಕಾ, ಮಾರಿ ಒಮ್ಮಿ ದೂರಿಂದ ನೋಡ್ರಿ," ಎಂದಳು ಸಾಯಿರಾ.

"ನೋಡಾಕತ್ತೀನಿ. ಒಂದ ಚುಕ್ಕಿನೂ ಒಡದಿಲ್ಲ."

"ಈ ಮಾರಿ ನಿಮ್ಮಂಗ ಐತ್ರಿ."

"ಮತ್ತ? ಮಗ ಅಲ್ಲೇನು ನಾ?"

"ಮ್ಯಾಲಿನ ತುಟಿ ಮ್ಯಾಲ ಏನೋ ನೆರಳ ಐತಿ. ಸ್ವಚ್ಛ ಮಾಡ್ಲೇನ್ರಿ?"

"ಮುಟ್ಟಬ್ಯಾಡ. ಒರಿಜಿನಲ್ ಅಂದ್ರ ಒರಿಜಿನಲ್," ಎಂದು ಅಣ್ಣಾಸಾಬ ನಮೂನೆಯ ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ಸಾಯಿರಾ ಸಹಿಯನ್ನೂ ಅವನ ಮುಖವನ್ನೂ ಒಟ್ಟಿಗೆ ನೋಡಿ, ಹೆಚ್ಚು ಮಾತಾಡುವುದು ತನ್ನ ಕೆಲಸವಲ್ಲವೆಂದು ನಮೂನೆಯನ್ನು ಮುದ್ರಣಕ್ಕೆ ಕಳಿಸಿದಳು. ಇಪ್ಪತ್ತು ಸಾವಿರ ಪೌಚು ಮುದ್ರಣವಾದವು.

ಪೌಚಿನ ಗಂಟುಗಳು ಅಂಕಲಿಗೆ ಬಂದ ದಿನ ಅಣ್ಣಾಸಾಬ ಮೊದಲ ಐವತ್ತನ್ನು ಸಂಜಯನಿಗೆ ಕಳಿಸಿ, ಒಂದನ್ನು ಹಜಾರದ ಗೋಡೆಗೆ ಅಂಟಿಸಿ, ನೆರೆಹೊರೆಯವರನ್ನು ಕರೆದ. ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಕಾಳವ್ವ. ಅವಳ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಆದರೂ ಬಾಗಿಲಲ್ಲೇ ನಿಂತು ಗೋಡೆ ನೋಡಿ ಸೆರಗು ಸರಿಮಾಡಿಕೊಂಡಳು.

"ಅಯ್ಯ, ಜಕ್ಕಪ್ಪಣ್ಣ ಯಾಕ ಸೀರಿ ಉಟ್ಟಾನ?" ಎಂದಳು.

ಶೈಲಾ ಪೌಚಿನ ಹತ್ತಿರ ಹೋದಳು, ದೂರ ಬಂದಳು, ಕೊನೆಗೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಒಳಗಿನಿಂದ ಕೇಳಿಬಂದದ್ದು ಅಳುವಲ್ಲ. ಅಣ್ಣಾಸಾಬ ಭೂತಗನ್ನಡಿಯಿಲ್ಲದೆ ಮೊದಲ ಸಲ ಆ ಮುಖ ನೋಡಿದ. ಅಗಲ ದವಡೆ, ಗಂಟು ಹುಬ್ಬು, ನತ್ತಿನ ಕೆಳಗೆ ಅಂದೇ ಬೋಳಿಸಿದ ಮೀಸೆಯ ನೆರಳು. ಮುನ್ನೂರು ಚುಕ್ಕಿಯಲ್ಲಿ ಒಂದೂ ಸುಳ್ಳು ಹೇಳುತ್ತಿರಲಿಲ್ಲ. ಹಳ್ಳಿಯನ್ನೇ ನಡುಗಿಸುತ್ತಿದ್ದ ಅವನ ಅಪ್ಪ, ಹಣೆ ತುಂಬ ಕುಂಕುಮ ಇಟ್ಟುಕೊಂಡು, ತುಸು ನಾಚಿ, ಅವನನ್ನೇ ನೋಡುತ್ತಿದ್ದ.

"ಅವ್ವಾ, ಏನಿದು?" ಎಂದ. ದನಿ ಹನ್ನೆರಡು ವರ್ಷದ ಹುಡುಗನದಾಗಿತ್ತು.

"ಇದ್ದದ್ದ ಇರ್ಲಿ ಅಂದಿದ್ದಿಲ್ಲೇನು ನಾ?" ಎಂದು ಗೌರಾಬಾಯಿ ಬಳ್ಳೊಳ್ಳಿಯ ಬುಟ್ಟಿ ಪಕ್ಕಕ್ಕಿಟ್ಟಳು. "ಹೆಣ್ಣಮಕ್ಕಳ ಹೆಸರಿದ್ರ ಖಾರ ಖಪತೈತಿ, ಗಿರಾಕಿ ಬರ್ತಾರ ಅಂತ ಹೆಸರ ನಂದ ಇಟ್ರು. ಮಾರಿ ಹಾಕೂದ ಬಂದಾಗ, ಮನಿ ಹೆಣ್ಣಮಗಳ ಮಾರಿ ಸಂತ್ಯಾಗ ಇಡೂದೇನು, ಮರ್ಯಾದಿ ಐತಿಲ್ಲೋ ಅಂತ ನಿಮ್ಮಪ್ಪ, ನಿಮ್ಮ ಕಾಕಾ ಕೂಡೇ ಕುಂತ ಠರಾವ ಮಾಡಿದ್ರು. ಹೆಣ್ಣಿನ ಮಾರಿ ಅಂತೂ ಬೇಕು. ನಿಮ್ಮಪ್ಪ ಬಯಲಾಟದಾಗ ಹೆಣ್ಣ ಪಾರ್ಟ ಮಾಡಿದವ್ರು. ನನ್ನ ಸೀರಿ, ನನ್ನ ನತ್ತು ಒಯ್ದು ಕುಡಚ್ಯಾಗ ಫೋಟೋ ತಗಸ್ಕೊಂಡ ಬಂದ್ರು. ಬೋಳ ಮೀಸಿ ನೋಡಿ ಯಾರರೆ ಕೇಳಿದ್ರ, ಮಿರಜದಾಗ ಸೋದರಮಾವ ಸತ್ತಾನ ಅಂತ ಹೇಳಿದ್ರು."

ಆ ಸೋದರಮಾವ ಅಣ್ಣಾಸಾಬನಿಗೆ ಚೆನ್ನಾಗಿ ನೆನಪಿದ್ದ. ಅವನ ಸಾವಿಗೆಂದು ಶಾಲೆಗೆ ರಜೆ ಹಾಕಿ, ಒಂದು ದಿನ ಪ್ರಾಮಾಣಿಕವಾಗಿ ದುಃಖಪಟ್ಟಿದ್ದ. ಈಗ ಮಿರಜದಲ್ಲಿ ತನಗೆ ಯಾರೂ ಇರಲಿಲ್ಲವೆಂದು ತಿಳಿದು ಇನ್ನೊಮ್ಮೆ ದುಃಖವಾಯಿತು.

ಪೌಚು ಬೆಳಗಾವಿ ಮುಟ್ಟಿದ ಕೂಡಲೇ, ಮಧ್ಯಾಹ್ನ ಸಂಜಯನ ಫೋನು ಬಂತು. ಪೌಚು ಹಿಂದಕ್ಕೆ ಕಳಿಸುತ್ತಾರೆಂದು ಅಣ್ಣಾಸಾಬ ಕಣ್ಣುಮುಚ್ಚಿ ಕಿವಿಗಿಟ್ಟುಕೊಂಡ.

"ಸೂಪರ್ ಆಗೇದ್ರಿ. ಅಮ್ಮನವರ ಮಾರಿ ಮ್ಯಾಲ ಏನ ಧೈರ್ಯ, ಏನ ಖದರ. ನಮ್ಮ ಎಂ.ಡಿ. ಸಾಹೇಬ್ರು ಫಿದಾ ಆಗ್ಯಾರ. ಮುಂದಿನ ಐತವಾರ ಉದ್ಘಾಟನೆ. ಎರಡ ಮಜಲಿನಷ್ಟ ಎತ್ತರದ ಬ್ಯಾನರ ಹಾಕಸಾಕತ್ತೀವಿ. ಅಮ್ಮನವರು ಸ್ವತಾ ಬರಬೇಕು. ಅವರು ಬಂದ್ರನ ಆರ್ಡರಿಗೆ ಸಹಿ."

"ಬರ್ತಾರ್ರೀ," ಎಂದ ಅಣ್ಣಾಸಾಬ. ಯಾರು ಬರುತ್ತಾರೆಂಬುದನ್ನು ಫೋನಿಟ್ಟ ಮೇಲೆ ಯೋಚಿಸಲು ಶುರುಮಾಡಿದ.

ಗೌರಾಬಾಯಿಯದು ದುಂಡು ಮುಖ, ಬಿಳಿ ಬಣ್ಣ, ಕೆನ್ನೆಯಲ್ಲಿ ಗುಳಿ. ಎರಡು ಮಜಲಿನ ಬ್ಯಾನರಿನ ಕೆಳಗೆ ಅವಳನ್ನು ನಿಲ್ಲಿಸಿದರೆ ಕಾಳವ್ವನ ಪೊರೆಗಣ್ಣಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಹಳೆಯ ಮಸುಕು ಮುಖವಾಗಿದ್ದರೆ ಅಂಕಲಿಯ ಯಾವ ಹೆಂಗಸನ್ನು ಕಳಿಸಿದ್ದರೂ ನಡೆಯುತ್ತಿತ್ತು. ಸಂಜೆ ಮನೆತನದ ಹಿರಿಯ, ಜಕ್ಕಪ್ಪನ ತಮ್ಮ ಕಾಕಾಸಾಹೇಬ ತಲೆಗೆ ಜರಿಯ ಪಟಗಾ ಸುತ್ತಿಕೊಂಡು ಬಂದ. ಎಲ್ಲ ಕೇಳಿದ ಮೇಲೆ ಪೌಚು ನೋಡಿದ, ಅಣ್ಣಾಸಾಬನನ್ನು ನೋಡಿದ, ಮತ್ತೊಮ್ಮೆ ಪೌಚು ನೋಡಿದ.

"ಇದಕ್ಯಾಕ ತಲಿ ಕೆಡಸ್ಕೊಳ್ಳೂದು? ನೀ ಸೀರಿ ಉಡು," ಎಂದ.

"ಕಾಕಾ, ನಾನೇನ್ರಿ?"

"ಬರೋಬ್ಬರಿ ನಿಮ್ಮಪ್ಪನ ಮಾರಿ ನಿಂದು. ಮೀಸಿ ತಗದ್ರ ಮುಗೀತು."

"ಖರೇ ಹೇಳಿದ್ರ ಏನಾಗತೈತ್ರಿ?" ಎಂದು ಶೈಲಾ ಬಾಗಿಲ ಮರೆಯಿಂದ ಕೇಳಿದಳು. "ಅತ್ತಿಯವರನ್ನ ಕರಕೊಂಡ ಹೋಗಿ, ಖಾರ ಮಾಡಾವರು ಇವರ ಅಂತ ಹೇಳಿದ್ರ?"

ಕಾಕಾಸಾಹೇಬ ಪಟಗಾ ನೆಟ್ಟಗೆ ಮಾಡಿಕೊಂಡ. "ಮನಿ ಹೆಣ್ಣಮಗಳನ್ನ ನಾಕ ಮಂದಿ ಮುಂದ ಒಯ್ದ ನಿಲ್ಲಸೂದೇನು? ನಮ್ಮ ಮರ್ಯಾದಿ ಏನ ಉಳೀತು?" ಅಣ್ಣನ ಮಗನಿಗೆ ನತ್ತು ಹಾಕಿಸಿ ಬೆಳಗಾವಿಯಲ್ಲಿ ಕೂರಿಸುವುದರಿಂದ ಮನೆತನದ ಮರ್ಯಾದೆ ಪೂರ್ತಿ ಉಳಿಯುತ್ತದೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಲವತ್ತು ಅಂಗಡಿಗಳು ಕಣ್ಣೆದುರು ಬಂದು ಅಣ್ಣಾಸಾಬನೂ ಒಪ್ಪಿದ. ಗೌರಾಬಾಯಿ ಎದ್ದು ಹೋಗಿ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತಂದು ಮಗನ ತೊಡೆಯ ಮೇಲಿಟ್ಟಳು.

ಶನಿವಾರ ಮುಂಜಾನೆ ಅಣ್ಣಾಸಾಬ ಕ್ಷೌರದಂಗಡಿಯಿಂದ ಬೋಳು ತುಟಿ ಹೊತ್ತು ಹೊರಬಿದ್ದ. ಅಂಕಲಿಯಲ್ಲಿ ದೊಡ್ಡ ಗಂಡಸು ಮೀಸೆ ತೆಗೆಸಿದನೆಂದರೆ ಮನೆಯಲ್ಲಿ ಹಿರಿಯರು ತೀರಿದರು ಎಂದೇ ಲೆಕ್ಕ. ಅಪ್ಪ ಹಿಂದೆಯೇ ಹೋಗಿದ್ದರಿಂದ ಊರವರಿಗೆ ಉಳಿದವರನ್ನು ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಮನೆ ಮುಟ್ಟುವ ಮೊದಲೇ ಅಂಗಳದಲ್ಲಿ ಮೂವತ್ತು ಜನ ಸೇರಿ, ಹೆಂಗಸರು ಕಣ್ಣೊರೆಸಿಕೊಳ್ಳುತ್ತ, ಗಂಡಸರು ಚಟ್ಟಕ್ಕೆ ಬಿದಿರು ಎಲ್ಲಿಂದ ತರುವುದೆಂದು ಮಾತಾಡುತ್ತಿದ್ದರು. "ನಿನ್ನೆ ಸಂಜಿಗೆ ನನ್ನ ಕೂಡ ಮಾತಾಡ್ಯಾಳ, ಎಂಥಾ ಕೈ ಆಕೀದು, ಆ ಖಾರದ ರುಚಿ ಇನ್ನ ಎಲ್ಲಿ," ಎಂದು ಕಾಳವ್ವ ಕಟ್ಟೆಯ ಮೇಲೆ ಕುಳಿತು ಹಾಡಿಕೊಂಡು ಅಳುತ್ತಿದ್ದಳು.

ಗೌರಾಬಾಯಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದು ಒಬ್ಬೊಬ್ಬರಿಗೂ ಕಪ್ಪು ಕೊಟ್ಟಳು.

"ಕುಡೀರಿ. ಅಳೂದರಾಗ ಗಂಟಲ ಒಣಗಿರ್ತೈತಿ," ಎಂದಳು. ನಂತರ ಕಾಳವ್ವನ ಪಕ್ಕದಲ್ಲಿ ಕುಳಿತು, "ಇನ್ನೊಮ್ಮಿ ಹೇಳ ನೋಡೋಣು, ನನ್ನ ಕೈ ಹೆಂಗಿತ್ತಂತ. ಇದ್ದಾಗ ಯಾರೂ ಹೇಳಿದ್ದಿಲ್ಲ ನನಗ," ಎಂದಳು. ಕಾಳವ್ವನಿಗೆ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತು.

ಐತವಾರ ಬೆಳಗಾವಿಯ ಅಂಗಡಿಯೆದುರು ಎರಡು ಮಜಲಿನ ಜಕ್ಕಪ್ಪ ಸೆರಗು ಹೊದ್ದು ನಿಂತಿದ್ದ. ಕೆಳಗೆ ಹೂವಿನ ಕುರ್ಚಿಯ ಮೇಲೆ ಅಣ್ಣಾಸಾಬ, ಹಸಿರು ಸೀರೆ, ಒತ್ತಿ ಹಾಕಿದ ನತ್ತು, ಕೈ ತುಂಬ ಬಳೆ. ಮೂವತ್ತಾರು ವರ್ಷದ ಹಿಂದಿನ ಮುಖ ಇವತ್ತಿಗೂ ಹಾಗೇ ಇದೆಯಲ್ಲ ಎಂದು ಯಾರಿಗೂ ಅನುಮಾನ ಬರಲಿಲ್ಲ. ಸಂಜಯನಂತೂ ಅದನ್ನು ಖಾರದ ಗುಣವೆಂದು ಮೈಕಿನಲ್ಲಿ ಸಾರಿಬಿಟ್ಟ. ಅತ್ತೆಯವರಿಗೆ ಗಂಟಲು ಹಿಡಿದಿದೆ, ಮಾತಾಡಿಸಬೇಡಿ ಎಂದು ಶೈಲಾ ಮೊದಲೇ ಹೇಳಿಟ್ಟಿದ್ದಳು. ಕಾಕಾಸಾಹೇಬ ಮುಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕುಳಿತಿದ್ದ. ಗೌರಾಬಾಯಿ ತಾನೂ ನೋಡಬೇಕೆಂದು ಹಟಹಿಡಿದು ಬಂದು, ಕೊನೆಯ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡಿದ್ದಳು.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಗಿರಾಕಿ ಹೆಂಗಸೊಬ್ಬಳು ಎದ್ದು ನಿಂತು, "ಅಮ್ಮಾ, ನಾವು ಮನ್ಯಾಗ ಖಾರ ಮಾಡಿದ್ರ ಎರಡ ತಿಂಗಳಿಗೆ ಬಣ್ಣ ಹೋಗಿ ವಾಸನಿ ಬರ್ತೈತ್ರಿ. ನಿಮ್ದು ವರ್ಷ ತಡೀತೈತಿ. ಹೆಂಗ?" ಎಂದು ಕೇಳಿದಳು. ನೂರು ಕಣ್ಣು ಹೂವಿನ ಕುರ್ಚಿಯತ್ತ ತಿರುಗಿದವು. ಹುಟ್ಟಿದಾಗಿನಿಂದ ಆ ಖಾರ ತಿಂದು ಬೆಳೆದು, ಇಪ್ಪತ್ತು ವರ್ಷ ಅದನ್ನು ಮಾರಿದ ಅಣ್ಣಾಸಾಬನಿಗೆ, ಅದು ಹೇಗಾಗುತ್ತದೆಂದು ತಾನು ಒಮ್ಮೆಯೂ ಅವ್ವನನ್ನು ಕೇಳಿಲ್ಲವೆಂಬುದು ಆಗ ಹೊಳೆಯಿತು. ಗಂಟಲು ಮುಟ್ಟಿಕೊಂಡು ಸುಳ್ಳು ಕೆಮ್ಮು ಕೆಮ್ಮಿದ.

"ಉಳ್ಳಾಗಡ್ಡಿ ಹಸಿ ಉಳಿಸಿರ್ತೀರಿ," ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. "ನೀರಿನ ಅಂಶ ಪೂರಾ ಹೋಗೂತನಕ ಸಣ್ಣ ಉರಿ ಮ್ಯಾಲ ಹುರೀಬೇಕು. ಕೊಬ್ಬರಿ ಬ್ಯಾರೆ ಹುರೀಬೇಕು. ಬಳ್ಳೊಳ್ಳಿ ಕಡೀಕ. ಕುಟ್ಟಿದ ಕೂಡ್ಲೇ ಡಬ್ಬಿಗಿ ತುಂಬಬ್ಯಾಡ್ರಿ, ಆರಾಕ ಬಿಡ್ರಿ. ಭರಣಿ ತಳಕ್ಕ ಒಂದ ಇಂಗಿನ ಹರಳ ಹಾಕ್ರಿ."

ಹೆಂಗಸರೆಲ್ಲ ಹೂವಿನ ಕುರ್ಚಿಗೆ ಬೆನ್ನು ಮಾಡಿ ಅತ್ತ ಹೊರಳಿದರು. ಎಳ್ಳು ಎಷ್ಟು, ಮೆಣಸಿನಕಾಯಿ ಯಾವುದು ಎಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಕೆಲವರು ಬರೆದುಕೊಂಡರು. ಸಂಜಯ ಮೈಕು ಹಿಡಿದುಕೊಂಡು ಕೊನೆಯ ಸಾಲಿಗೆ ಬಂದ.

"ಅಜ್ಜಿ, ನೀವ ಯಾರ್ರೀ?"

"ನಾನ್ರೀ? ಈಕಿ ಮನ್ಯಾಗ ಖಾರ ಕುಟ್ಟಾಕಿ," ಎಂದು ಗೌರಾಬಾಯಿ ಹೂವಿನ ಕುರ್ಚಿಯತ್ತ ಕೈ ತೋರಿಸಿದಳು.

"ಎಷ್ಟ ವರ್ಷದಿಂದ ಇವರ ಕಡೆ ಅದೀರಿ?"

"ಮದಿವ್ಯಾದಾಗಿಂದ್ರಿ."

ಕಾಕಾಸಾಹೇಬ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಣ್ಣಾಸಾಬನಿಗೆ ನಲವತ್ತು ಅಂಗಡಿ ಬೇಕು ಅನ್ನಿಸಲಿಲ್ಲ, ನಾಲ್ಕೂ ಬೇಕು ಅನ್ನಿಸಲಿಲ್ಲ. ಕುರ್ಚಿಯಿಂದ ಎದ್ದ. ನೆರಿಗೆ ಕಾಲಿಗೆ ಸಿಕ್ಕಿ ಮುಗ್ಗರಿಸಿದ, ಸಾವರಿಸಿಕೊಂಡ, ಮೂಗಿನಿಂದ ನತ್ತು ಕಿತ್ತು ಕೈಯಲ್ಲಿ ಹಿಡಿದ. "ಅವ್ವಾ, ಇಲ್ಲಿ ಬಾ. ಇದು ನಿನ್ನ ಕುರ್ಚಿ," ಎಂದು ಅಂಗಡಿ ತುಂಬುವಂಥ ಗಂಡುದನಿಯಲ್ಲಿ ಕರೆದ. ಮುಂದಿನ ಸಾಲಿನ ಎಂ.ಡಿ. ಸಾಹೇಬರು ಎದೆ ಹಿಡಿದುಕೊಂಡರು. ಸಂಜಯ ಮೇಲಿನ ಬ್ಯಾನರನ್ನೂ, ಕೆಳಗಿನ ಸೀರೆಯನ್ನೂ, ಅಜ್ಜಿಯನ್ನೂ ಮೂರು ಸಲ ನೋಡಿ ಮೈಕನ್ನು ಯಾರಿಗೆ ಕೊಡಬೇಕೋ ತಿಳಿಯದೆ ನಿಂತ.

ಗೌರಾಬಾಯಿ ಅವಸರ ಮಾಡಲಿಲ್ಲ. ಕೈಚೀಲ ಶೈಲಾಳ ಕೈಗೆ ಕೊಟ್ಟು, ಹೆಂಗಸರು ಬಿಟ್ಟ ದಾರಿಯಲ್ಲಿ ನಡೆದು ಬಂದು, ಮಗನ ಕೈಯಿಂದ ನತ್ತು ತೆಗೆದುಕೊಂಡು ತನ್ನ ಮೂಗಿಗೆ ಹಾಕಿಕೊಂಡಳು. ಕುರ್ಚಿಯ ಮೇಲೆ ಕುಳಿತು ತಲೆಯ ಮೇಲಿನ ಸೆರಗನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು.

"ಹೂಂ, ಈಗ ತಗೀರಿ ಫೋಟೋ," ಎಂದು ಸಂಜಯನಿಗೆ ಹೇಳಿದಳು. "ಮಾರಿ ಕಾಣೂವಂಗ ತಗೀರಿ."